ರಹೀಂ ಸಾಬ್ ಮನೆಯಲ್ಲೇ ಬಿಟ್ಟು ಹೋದ ಮಾತು

2024ರ ಈದುಲ್ ಫಿತ್ರ್ ಹೊತ್ತಿಗೆ ‘ಮೈದಾನ್’ ಎಂಬ ಹಿಂದಿ ಸಿನಿಮಾ ತೆರೆಗೆ ಬಂತು. ಅಜಯ್ ದೇವಗನ್ ಫುಟ್ಬಾಲ್ ಕೋಚ್ ಪಾತ್ರ ಮಾಡಿದ್ದರು. ಆಮೇಲೆ ಅದು ಮೊಬೈಲಿಗೂ ಬಂತು, ನಮ್ಮ ಮನೆಗಳ ಮಕ್ಕಳೂ ನೋಡಿದರು. ಮೆಸ್ಸಿಯ ಜೆರ್ಸಿ ನಂಬರಿನಿಂದ ಹಿಡಿದು ಎಂಬಾಪೆ ಯಾವ ಕ್ಲಬ್ಬಿಗೆ ಹೋದ ಎಂಬುದರ ತನಕ ಎಲ್ಲ ಬಾಯಿಪಾಠ ಇರುವ ಮಕ್ಕಳು ಸಿನಿಮಾ ಮುಗಿದ ಮೇಲೆ ಕೇಳಿದ್ದು ಒಂದೇ: ಇವರು ನಿಜವಾಗಿಯೂ ಇದ್ದವರಾ, ಅಲ್ಲ ಸಿನಿಮಾದವರು ಕಟ್ಟಿದ ಕಥೆಯಾ?

ಇದ್ದವರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅಲ್ಲಿಯ ಜನ ಇವತ್ತಿಗೂ ರಹೀಂ ಸಾಬ್ ಅನ್ನುತ್ತಾರೆ. ಭಾರತ ಫುಟ್ಬಾಲಿನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು ಎರಡೇ ಸಲ, 1951ರಲ್ಲಿ ಮತ್ತು 1962ರಲ್ಲಿ. ಎರಡೂ ಸಲ ಕೋಚ್ ಇವರೇ. ಸಿನಿಮಾ ಸಿನಿಮಾವೇ ಬಿಡಿ, ಅದರಲ್ಲಿ ಸೇರಿಸಿದ್ದೂ ಬಿಟ್ಟದ್ದೂ ಇರುತ್ತದೆ. ಆದರೆ ಅದರ ಕೊನೆಯ ಭಾಗದಲ್ಲಿ ಬರುವ ಒಂದು ಸಂಗತಿ ಮಾತ್ರ ನಿಜ. ಎರಡನೇ ಚಿನ್ನ ಗೆಲ್ಲಿಸುವಾಗ ಆ ಮನುಷ್ಯನಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು. ತನ್ನ ಹುಡುಗರ ಮುಂದೆ ಅದನ್ನು ಅವರು ಎತ್ತಲಿಲ್ಲ.

ಅದರ ಬಗ್ಗೆಯೇ ಬರೆಯಬೇಕು ಅಂತ ಕುಳಿತದ್ದು. ಆದರೆ ಕಾಯಿಲೆಯಿಂದ ಶುರು ಮಾಡಿದರೆ ಮನುಷ್ಯ ಕಾಣಿಸುವುದಿಲ್ಲ. ಆದ್ದರಿಂದ ಮೊದಲು ಮೇಷ್ಟ್ರ ಕಥೆ.

ಹೌದು, ಮೇಷ್ಟ್ರು. 1909ರ ಆಗಸ್ಟ್ 17ರಂದು ಹುಟ್ಟಿದ ರಹೀಂ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಕಲಿತರು, ಅಲ್ಲಿಯ ತಂಡಕ್ಕೆ ಆಡಿದರು. ಪದವಿ ಮುಗಿಸಿ ಹೈದರಾಬಾದಿನ ಶಾಲೆಗಳಲ್ಲಿ ಪಾಠ ಹೇಳಿಕೊಟ್ಟರು. ನಂತರ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಆಟದ ಕಡೆಗೆ ಪೂರ್ತಿ ತಿರುಗಿದರು. ನಲವತ್ತರ ದಶಕದಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು, ಸಾಯುವ ತನಕ ಆ ಕೆಲಸ ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಆ ವರ್ಷದಿಂದ 1954ರವರೆಗೆ ಮುಂಬೈಯ ರೋವರ್ಸ್ ಕಪ್ ಬೇರೆ ಯಾರ ಕೈಗೂ ಹೋಗಲಿಲ್ಲ, ಐದೂ ವರ್ಷ ಸಿಟಿ ಪೊಲೀಸೇ. ಆ ಕಾಲದಲ್ಲಿ ಫುಟ್ಬಾಲ್ ಅಂದರೆ ಕಲ್ಕತ್ತಾ. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್. ದಖ್ಖನಿನ ಪೊಲೀಸರು ಬಂದು ಅವರನ್ನೆಲ್ಲ ಹಿಂದೆ ಹಾಕುವುದು ಅಂದರೆ ಸಣ್ಣ ಮಾತಲ್ಲ.

ಇವರು ಆಟ ಕಲಿಸುತ್ತಿದ್ದ ರೀತಿ ಕೇಳಿದರೆ ಒಳ್ಳೆಯ ಮೇಷ್ಟ್ರು ಯಾರು ಅನ್ನುವುದು ಗೊತ್ತಾಗುತ್ತದೆ. ನಮ್ಮ ಊರಿನ ಗದ್ದೆಯಲ್ಲಿ ಆಡುವ ಹುಡುಗರನ್ನು ನೋಡಿ, ಚೆಂಡು ಕಾಲಿಗೆ ಸಿಕ್ಕಿದರೆ ಸಾಕು, ಇಡೀ ಎದುರಾಳಿ ತಂಡವನ್ನು ತಾನೊಬ್ಬನೇ ದಾಟಿ ಹೋಗಬೇಕು ಅನ್ನುವ ಹಟ. ಪಕ್ಕದಲ್ಲಿ ನಿಂತವನು ಕೂಗಿ ಕೂಗಿ ಸೋತು ಸುಮ್ಮನಾಗುತ್ತಾನೆ. ಹೈದರಾಬಾದಿನ ಹುಡುಗರೂ ಹಾಗೇ ಇದ್ದರು. ರಹೀಂ ಸಾಬ್ ಬೈಯುತ್ತ ಕೂರಲಿಲ್ಲ. ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ ಎನ್ನುವ ನಿಯಮ ಇಟ್ಟು ಒಂದು ಟೂರ್ನಮೆಂಟೇ ನಡೆಸಿಬಿಟ್ಟರು. ಚೆಂಡು ಬಂತೋ, ಪಾಸ್ ಕೊಡಲೇಬೇಕು. ಇನ್ನೊಂದು ಟೂರ್ನಮೆಂಟಿನಲ್ಲಿ ಸೋತ ಕಾಲಿನಿಂದ ಮಾತ್ರ ಒದೆಯಬೇಕು. ಅಂದರೆ ಬಲಗಾಲಿನವನು ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ. ಮೊದಲ ದಿನ ನೋಡಿದವರು ನಕ್ಕಿರಬೇಕು. ಆದರೆ ಅಲ್ಲಿಂದ ಹೊರಬಂದ ಹುಡುಗರ ಎರಡೂ ಕಾಲು ಒಂದೇ ಥರ ಓಡಿದವು, ದೇಶದ ತಂಡಕ್ಕೆ ಹೈದರಾಬಾದಿನಿಂದ ಸಾಲು ಸಾಲಾಗಿ ಆಟಗಾರರು ಹೋದರು.

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಫೈನಲಿನಲ್ಲಿ ಇರಾನ್ ಎದುರು ಮೇವಾಲಾಲ್ ಹೊಡೆದ ಒಂದು ಗೋಲಿನಿಂದ ಚಿನ್ನ. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಕೈಯಲ್ಲಿ 10-1. ನಮ್ಮವರಲ್ಲಿ ಹಲವರು ಆ ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್ ಅನ್ನುವುದನ್ನು ಕನ್ನಡದವರು ನೆನಪಿಟ್ಟುಕೊಳ್ಳಬೇಕು. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ರಹೀಂ ಸಾಬ್ ಯುರೋಪಿನ ತಂಡಗಳು ಮೈದಾನದಲ್ಲಿ ನಿಲ್ಲುವ ಕ್ರಮವನ್ನು ಕೂತು ಅಭ್ಯಾಸ ಮಾಡಿ, ನಮ್ಮ ಹುಡುಗರನ್ನು ಹೊಸದಾಗಿ ನಿಲ್ಲಿಸಲು ಶುರು ಮಾಡಿದರು.

ನಾಲ್ಕು ವರ್ಷ ಕಳೆದು ಮೆಲ್ಬರ್ನ್. ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿದರು, ನೆವಿಲ್ ಡಿಸೋಜಾ ಮೂರು ಗೋಲು. ಒಲಿಂಪಿಕ್ಸಿನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಏಷ್ಯಾದವರು ಅವರು. ಸೆಮಿಫೈನಲಿನಲ್ಲಿ ಯುಗೊಸ್ಲಾವಿಯಾ ಎದುರು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರು ಸೋತು ನಾಲ್ಕನೇ ಸ್ಥಾನ. ನಮ್ಮ ಮೈಸೂರು ರಾಜ್ಯದ ಕೆಂಪಯ್ಯ ಆ ತಂಡದಲ್ಲಿದ್ದರು. ಭಾರತ ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಅಷ್ಟು ಮೇಲೆ ಮತ್ತೆ ಯಾವತ್ತೂ ಹೋಗಲಿಲ್ಲ.

ಈಗ 1960, ರೋಮ್. ಪಂದ್ಯಗಳ ಲೆಕ್ಕ ಬೇಗ ಹೇಳಿಬಿಡುತ್ತೇನೆ: ಹಂಗೇರಿ ಎದುರು 2-1ರ ಸೋಲು, ಫ್ರಾನ್ಸ್ ಜೊತೆ 1-1 ಸಮ, ಪೆರು ಎದುರು ಸೋಲು. ನನಗೆ ಮುಖ್ಯ ಅನ್ನಿಸಿದ್ದು ಬೇರೆಯೇ ಇದೆ. ಆ ತಂಡದ ಪಟ್ಟಿಯಲ್ಲಿ ಸೈಯದ್ ಶಾಹಿದ್ ಹಕೀಂ ಅಂತ ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ಇದ್ದ. ರಹೀಂ ಸಾಬರ ಮಗ. ರೋಮಿಗೆ ಹೋದ, ತಂಡದ ಜೊತೆ ಇದ್ದ, ತಿರುಗಿ ಬಂದ. ಮೂರು ಪಂದ್ಯಗಳಲ್ಲಿ ಒಂದರಲ್ಲೂ ಆಡುವ ಅವಕಾಶ ಸಿಗಲಿಲ್ಲ. ಎರಡು ವರ್ಷದ ನಂತರ ಜಕಾರ್ತಾಕ್ಕೆ ಹೋದ ತಂಡದಲ್ಲಿ ಅವನ ಹೆಸರೇ ಇರಲಿಲ್ಲ.

ನಮ್ಮ ಕಡೆ ಒಂದು ಸಂಘದ ಕಮಿಟಿಗೆ ಅಧ್ಯಕ್ಷರಾದರೆ ಅಳಿಯನಿಗೊಂದು, ತಮ್ಮನಿಗೊಂದು ಕುರ್ಚಿ ಹುಡುಕುವವರನ್ನು ನೋಡಿದ್ದೇವೆ. ಇಲ್ಲಿ ಉಪ್ಪ ದೇಶದ ಕೋಚ್, ಮಗ ಬೆಂಚಿನ ಮೇಲೆ. ಮಗನಿಗೆ ಒಳಗೊಳಗೆ ನೋವಾಗಿರಲಿಕ್ಕಿಲ್ಲ ಅಂತ ಹೇಳಲಾರೆ. ಅಂತಹ ಸಂದರ್ಭದಲ್ಲಿ ಯಾವ ಮಗನಿಗೆ ನೋವಾಗುವುದಿಲ್ಲ? ಆದರೆ ಹಕೀಂ ಮುಂದೆ ಬದುಕಿನುದ್ದಕ್ಕೂ ಉಪ್ಪನ ಬಗ್ಗೆ ಅಭಿಮಾನದಿಂದಲೇ ಮಾತಾಡಿದರು. ಮನೆಯದ್ದು ಮನೆಯಲ್ಲಿ, ಮೈದಾನದ್ದು ಮೈದಾನದಲ್ಲಿ. ಎರಡರ ನಡುವೆ ರಹೀಂ ಸಾಬ್ ಒಂದು ಗೋಡೆ ಕಟ್ಟಿದ್ದರು. ಮಗನನ್ನು ಹೊರಗಿಟ್ಟ ಅದೇ ಗೋಡೆ ಮುಂದೆ ಕಾಯಿಲೆಯನ್ನೂ ಹೊರಗಿಟ್ಟಿತು ಅನ್ನುವುದು ನನ್ನ ಎಣಿಕೆ.

ಅವರಿಗೆ ಸಿಗರೇಟಿನ ಅಭ್ಯಾಸ ಇತ್ತು. ಆ ಕಾಲದಲ್ಲಿ ಅದನ್ನು ಯಾರೂ ದೋಷ ಅನ್ನುತ್ತಿರಲಿಲ್ಲ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು ಎಚ್ಚರಿಕೆಯ ವರದಿ ಕೊಟ್ಟದ್ದೇ 1962ರಲ್ಲಿ, ಅಂದರೆ ಜಕಾರ್ತಾದ ವರ್ಷವೇ. ಅಮೆರಿಕದ ಸರಕಾರಿ ವರದಿ ಬಂದದ್ದು 1964ರಲ್ಲಿ, ಅಷ್ಟರಲ್ಲಿ ರಹೀಂ ಸಾಬ್ ಇರಲಿಲ್ಲ. ಬೀಡಿ ಕಟ್ಟಿ ಮನೆ ನಡೆಸಿದ, ಮಕ್ಕಳನ್ನು ಓದಿಸಿದ ಉಮ್ಮಂದಿರು ನಮ್ಮಲ್ಲಿ ಎಷ್ಟು ಜನ! ಹೊಗೆಸೊಪ್ಪಿನ ಘಾಟು, ರಾತ್ರಿಯ ಕೆಮ್ಮು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವತ್ತು ಸಿಟಿ ಸ್ಕ್ಯಾನ್ ಅನ್ನುವುದು ಇರಲಿಲ್ಲ, ಎಕ್ಸ್‌ರೇಯ ಮೇಲೆ ಬಿದ್ದ ಒಂದು ನೆರಳೇ ಫಲಿತಾಂಶ. ಕ್ಯಾನ್ಸರ್ ಅಂದರೆ ಮುಗಿಯಿತು ಅಂತಲೇ ಅರ್ಥ.

ಅಂಥ ಎದೆಯನ್ನು ಹೊತ್ತುಕೊಂಡು ಅವರು ಜಕಾರ್ತಾಕ್ಕೆ ಹೋದರು. ಅಲ್ಲಿ ಮೈದಾನದ ಹೊರಗೂ ಬೆಂಕಿ ಬಿದ್ದಿತ್ತು. ಇಂಡೋನೇಷ್ಯಾ ಸರಕಾರ ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಬರಲು ಬಿಟ್ಟಿರಲಿಲ್ಲ. ಏಷ್ಯನ್ ಗೇಮ್ಸ್ ಫೆಡರೇಷನ್ನಿನಲ್ಲಿದ್ದ ಭಾರತದ ಜಿ.ಡಿ. ಸೋಂಧಿ ಅದನ್ನು ಪ್ರಶ್ನಿಸಿದರು. ಅದರ ಸಿಟ್ಟು ಭಾರತದ ಎಲ್ಲರ ಮೇಲೆ ತಿರುಗಿತು. ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಆಟಗಾರರ ಬಸ್ಸಿನಿಂದ ಬಾವುಟ ತೆಗೆಯಬೇಕಾಯಿತು, ಮುಂಡಾಸು ಕಂಡರೆ ಗುರುತು ಸಿಗುತ್ತದೆಂದು ಜರ್ನೈಲ್ ಸಿಂಗ್ ಬಸ್ಸಿನೊಳಗೆ ಬಗ್ಗಿ ಕುಳಿತಿದ್ದರು ಅಂತ ಆಟಗಾರರು ಮುಂದೆ ನೆನಪು ಮಾಡಿಕೊಂಡಿದ್ದಾರೆ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 2-0 ಸೋಲು. ಆಮೇಲೆ ಥಾಯ್ಲೆಂಡನ್ನು 4-1ರಿಂದ ಹೊಡೆದರು, ಆದರೆ ಡಿಫೆಂಡರ್ ಜರ್ನೈಲ್ ಸಿಂಗರ ಹಣೆ ಒಡೆದು ಹೊಲಿಗೆ ಬಿತ್ತು. ಜಪಾನನ್ನು ಸೋಲಿಸಿ ಸೆಮಿಫೈನಲಿಗೆ ಬಂದಾಗ ರಹೀಂ ಸಾಬ್ ಮಾಡಿದ್ದನ್ನು ಬೇರೆ ಕೋಚ್ ಯಾರೂ ಮಾಡುತ್ತಿರಲಿಲ್ಲವೇನೋ. ಹಣೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲರನ್ನು ರಕ್ಷಣೆಯಿಂದ ಎತ್ತಿ ಮುಂದೆ ಸೆಂಟರ್ ಫಾರ್ವರ್ಡ್ ಮಾಡಿದರು. ಹಾಲೆಂಡಿನಂಥ ದೇಶಗಳು ಬೇಕಾದಂತೆ ಜಾಗ ಬದಲಿಸಿ ಆಡುವ ಆಟದಿಂದ ಹೆಸರು ಮಾಡಿದ್ದು ಎಷ್ಟೋ ವರ್ಷ ಆದ ಮೇಲೆ. ದಕ್ಷಿಣ ವಿಯೆಟ್ನಾಂ ಎದುರು 3-2 ಗೆಲುವು, ಅದರಲ್ಲಿ ಒಂದು ಗೋಲು ಅದೇ ಪಟ್ಟಿ ಕಟ್ಟಿದ ಜರ್ನೈಲರದ್ದು.

ಸೆಪ್ಟೆಂಬರ್ 4ರ ಫೈನಲಿಗೆ ಮತ್ತೆ ದಕ್ಷಿಣ ಕೊರಿಯಾ. ಸೆನಯಾನ್ ಸ್ಟೇಡಿಯಮ್ಮಿನಲ್ಲಿ ಲಕ್ಷದ ಹತ್ತಿರ ಜನ, ಹೆಚ್ಚುಕಡಿಮೆ ಎಲ್ಲರೂ ನಮಗೆ ವಿರುದ್ಧ. ನಮ್ಮ ಪರವಾಗಿ ಕೂಗಿದವರು ಪಾಕಿಸ್ತಾನದ ಹಾಕಿ ತಂಡದವರು ಅನ್ನುವ ನೆನಪು ಆ ತಂಡದವರ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಫೈನಲಿಗೆ ಮುಂಚೆ ರಹೀಂ ಸಾಬ್ ಹುಡುಗರನ್ನು ಕರೆದು, ನಾಳೆ ತನಗೊಂದು ಉಡುಗೊರೆ ಬೇಕು, ಆ ಚಿನ್ನವನ್ನು ತನಗೆ ಗೆದ್ದುಕೊಡಿ ಅಂತ ಕೇಳಿಕೊಂಡರಂತೆ. ಬೇಡುವ ಪೈಕಿಯವರಲ್ಲ ಅವರು, ಕಟ್ಟುನಿಟ್ಟಿನ ಮನುಷ್ಯ. ಆವತ್ತು ಯಾಕೆ ಹೀಗೆ ಕೇಳುತ್ತಿದ್ದಾರೆ ಅನ್ನುವುದರ ಪೂರ್ತಿ ಅರ್ಥ ಆ ಹುಡುಗರಿಗೆ ಆಗ ಆಗಿರಲಿಕ್ಕಿಲ್ಲ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು. 2-1. ನಾಯಕ ಚುನಿ ಗೋಸ್ವಾಮಿ ಚಿನ್ನ ತಂದರು.

ಒಂಬತ್ತು ತಿಂಗಳು ಕಳೆದು, 1963ರ ಜೂನ್ 11ರಂದು, ರಹೀಂ ಸಾಬ್ ಹೈದರಾಬಾದಿನಲ್ಲಿ ತೀರಿಕೊಂಡರು. ಐವತ್ತನಾಲ್ಕು ತುಂಬಿರಲಿಲ್ಲ.

ಈ ಒಂಬತ್ತು ತಿಂಗಳ ಬಗ್ಗೆ ಓದಲು ಹೊರಟರೆ ಹೆಚ್ಚೇನೂ ಕೈಗೆ ಸಿಗುವುದಿಲ್ಲ. ಮೈದಾನದ ಒಂದೊಂದು ಗೋಲಿಗೂ ಲೆಕ್ಕ ಇದೆ, ಮನೆಯ ಕೋಣೆಗೆ ಬಾಗಿಲು ಹಾಕಿದೆ. ಹಾಸಿಗೆಯ ಪಕ್ಕ ಯಾರು ಕೂತರು, ರಾತ್ರಿ ಕೆಮ್ಮು ಬಂದಾಗ ಯಾರು ಎದ್ದು ನೀರು ಕೊಟ್ಟರು, ಮನೆಯವರು ಏನು ಮಾತಾಡಿಕೊಂಡರು, ಯಾವುದೂ ಊರಿನ ಸುದ್ದಿಯಾಗಲಿಲ್ಲ. ಮೊದಲು ನನಗೆ ಇದು ಒಂದು ಕೊರತೆ ಅನ್ನಿಸಿತ್ತು. ಬರೆಯುವವನಿಗೆ ಯಾವಾಗಲೂ ಇನ್ನಷ್ಟು ಬೇಕು. ಈಗ ಹಾಗೆ ಅನ್ನಿಸುವುದಿಲ್ಲ.

ಯಾಕೆಂದರೆ ಇನ್ನೊಂದು ಬಗೆಯನ್ನೂ ನೋಡಿದ್ದೇನೆ. ನಮ್ಮ ಬೀದಿಯಲ್ಲಿ ನಾವೆಲ್ಲ ಕಾಕ ಅಂತ ಕರೆಯುತ್ತಿದ್ದ ಒಬ್ಬರಿದ್ದರು. ಅಂಗಡಿ ಇಟ್ಟುಕೊಂಡಿದ್ದವರು. ಅವರಿಗೂ ಅದೇ ಕಾಯಿಲೆ. ನಮ್ಮಲ್ಲಿ ಅದರ ಹೆಸರು ಹೇಳುವುದಿಲ್ಲವಲ್ಲ, ‘ಆ ಕಾಯಿಲೆ’ ಅಂತಷ್ಟೇ. ಕಾಕ ಯಾರಿಗೂ ಹೇಳಬೇಡಿ ಅಂದಿದ್ದರಂತೆ. ಆದರೆ ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರೋ ಆಸ್ಪತ್ರೆಯಲ್ಲಿ ನೋಡಿದರು, ಯಾರೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದುಆ ಮಾಡಿ ಅಂತ ಹಾಕಿದರು, ಜೊತೆಗೆ ರಿಪೋರ್ಟಿನ ಫೋಟೋ ಕೂಡ. ದುಆ ಕೇಳಲು ರಿಪೋರ್ಟ್ ಯಾಕೆ ಬೇಕಿತ್ತೋ! ಆಮೇಲೆ ನೋಡಲು ಬರುವವರ ಸಾಲು. ಬ್ರೆಡ್ಡು, ದ್ರಾಕ್ಷಿ, ಎಳನೀರು ಹಿಡಿದು ಬಂದವರು ಮಂಚದ ಕಾಲಬುಡದಲ್ಲಿ ಕೂತು ಎಷ್ಟನೇ ಸ್ಟೇಜು, ಡಾಕ್ಟರು ಎಷ್ಟು ದಿನ ಹೇಳಿದ್ದಾರೆ, ಖರ್ಚು ಎಷ್ಟಾಯಿತು ಅಂತ ಮನೆಯವರನ್ನು ಕೇಳುತ್ತಿದ್ದರು. ಕಾಕ ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡುತ್ತಿದ್ದರು. ಮಲಗಿರಲಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೆ, ಒಂದು ಪ್ರಶ್ನೆ ನಾನೂ ಕೇಳಿದ್ದೆ. ಅಂಗಡಿಗೆ ಬರುತ್ತಿದ್ದ ಗಿರಾಕಿಗಳು ಮಗನನ್ನು ನೋಡುವ ನೋಟವೇ ಬದಲಾಗಿತ್ತು ಅಂತ ಆಮೇಲೆ ಆ ಮನೆಯವರು ಹೇಳಿದರು. ಸಾಲ ಕೊಟ್ಟವರು ಅವಸರ ಮಾಡಿದರು. ಮದುವೆಯ ಮಾತು ನಡೆಯುತ್ತಿದ್ದ ಮಗಳ ಕಡೆಯಿಂದ ಗಂಡಿನವರು ಸುಮ್ಮನಾದರು.

ರೋಗಿಯನ್ನು ಹೋಗಿ ನೋಡುವುದು ನಮ್ಮಲ್ಲಿ ಪುಣ್ಯದ ಕೆಲಸ, ಅದು ಬೇಡ ಅಂತ ಹೇಳುತ್ತಿಲ್ಲ. ಎಲ್ಲವನ್ನೂ ಮುಚ್ಚಿಡಿ ಅಂತಲೂ ಅಲ್ಲ. ಮುಚ್ಚಿಟ್ಟು ತಪಾಸಣೆ ತಡವಾಗಿ ಹೋದ ಜೀವಗಳೂ ನಮ್ಮ ಮನೆಗಳಲ್ಲೇ ಇವೆ, ವಿಶೇಷವಾಗಿ ಹೆಂಗಸರ ವಿಷಯದಲ್ಲಿ. ಡಾಕ್ಟರಿಗೆ ಹೇಳದೆ ಇರುವುದು ಬೇರೆ, ಊರಿಗೆ ಹೇಳದೆ ಇರುವುದು ಬೇರೆ. ತನ್ನ ಶರೀರದ ಸುದ್ದಿಯನ್ನು ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಅನ್ನುವುದನ್ನು ರಹೀಂ ಸಾಬ್ ತಾವೇ ತೀರ್ಮಾನಿಸಿದರು. ಹುಡುಗರಿಗೆ ಗೊತ್ತಾಗಿದ್ದರೆ ಅವರು ಕೊರಿಯಾದವರ ಕಾಲು ನೋಡುತ್ತಿರಲಿಲ್ಲ, ಬೆಂಚಿನ ಮೇಲೆ ಕೆಮ್ಮುವ ಉಸ್ತಾದರ ಮುಖ ನೋಡುತ್ತಿದ್ದರು. ಜರ್ನೈಲರ ಹಣೆಯ ಗಾಯ ಎಲ್ಲರಿಗೂ ಕಾಣುತ್ತಿತ್ತು, ಕೋಚಿನ ಎದೆಯೊಳಗಿನದು ಕಾಣಲಿಲ್ಲ. ಕಾಣಬಾರದು ಅನ್ನುವುದೇ ಅವರ ಇಷ್ಟವಾಗಿತ್ತು.

ಇದಕ್ಕೂ ಒಂದು ಬೆಲೆ ಇದೆ, ಅದನ್ನು ಮರೆಯಬಾರದು. ಉಸ್ತಾದರ ಜೊತೆ ಕೊನೆಯ ಸಲ ಕೂತಿದ್ದೇವೆ ಅಂತ ಗೊತ್ತಿಲ್ಲದೆ ಆ ಹುಡುಗರು ಜಕಾರ್ತಾದಿಂದ ತಮ್ಮ ತಮ್ಮ ಊರಿಗೆ ಚದುರಿದರು. ಸಿಕಂದರಾಬಾದ್ ಹತ್ತಿರದ ಅಮ್ಮುಗುಡದ ಬಡ ಹುಡುಗ ತುಳಸೀದಾಸ್ ಬಲರಾಂಗೆ ತರಬೇತಿಗೆ ಬಂದು ಹೋಗಲು ಸೈಕಲ್ ಬಾಡಿಗೆ ದುಡ್ಡು ಕೊಟ್ಟದ್ದು ರಹೀಂ ಸಾಬ್ ಅಂತ ಹೇಳುತ್ತಾರೆ. ಅಂಥವರಿಗೆ ಒಂದು ಮಾತು ಹೇಳಿಕೊಳ್ಳಲು, ಒಂದು ಸಲ ಕೈ ಹಿಡಿಯಲು ಇತ್ತಲ್ಲ? ಅದನ್ನು ಅವರಿಂದ ಕಿತ್ತುಕೊಂಡ ಹಾಗಾಯಿತಲ್ಲ? ಈ ಪ್ರಶ್ನೆ ನನ್ನಲ್ಲಿ ಹಾಗೇ ಉಳಿದಿದೆ. ಅದಕ್ಕೆ ಉತ್ತರ ಆ ಮನೆಯವರ ಹತ್ತಿರ ಇತ್ತೇನೋ, ಅವರು ಹೇಳಬೇಕಾಗಿಯೂ ಇರಲಿಲ್ಲ.

ಅವರು ಹೋದ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. 1964ರಲ್ಲಿ ಏಷ್ಯನ್ ಕಪ್‌ನಲ್ಲಿ ಎರಡನೇ ಸ್ಥಾನ, 1970ರಲ್ಲಿ ಬ್ಯಾಂಕಾಕಿನಲ್ಲಿ ಒಂದು ಕಂಚು, ಆಮೇಲೆ ಇಳಿಜಾರು. ಕೋಚುಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ರಹೀಂ ಸಾಬರ ಹೆಸರು ಹೈದರಾಬಾದಿನ ಹಳೆಯ ಆಟಗಾರರ ಬಾಯಲ್ಲಿ ಉಳಿಯಿತು, ಬೇರೆ ಕಡೆ ಮರೆತೇ ಹೋಗಿತ್ತು, ಸಿನಿಮಾ ಬರುವ ತನಕ.

ಆ ಹೆಸರನ್ನು ಅಷ್ಟು ವರ್ಷ ಹಿಡಿದುಕೊಂಡು ತಿರುಗಿದವರು ಬೆಂಚಿನ ಮೇಲೆ ಕೂತಿದ್ದ ಆ ಮಗ. ಹಕೀಂ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಫಿಫಾ ರೆಫ್ರಿಯಾದರು, 1982ರ ದೆಹಲಿ ಏಷ್ಯನ್ ಗೇಮ್ಸಿನಲ್ಲಿ ಪಿ.ಕೆ. ಬ್ಯಾನರ್ಜಿಗೆ ಸಹಾಯಕ ಕೋಚ್ ಆದರು, ಮುಂದೆ ಮಹೀಂದ್ರ ತಂಡಕ್ಕೆ ಡ್ಯುರಾಂಡ್ ಕಪ್ ಗೆಲ್ಲಿಸಿದರು. 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ಯಾರಾದರೂ ಮಾತಾಡಿಸಿದರೆ ತಮ್ಮ ಬಗ್ಗೆ ಸ್ವಲ್ಪ, ಉಪ್ಪನ ಆಟದ ಬಗ್ಗೆ ಧಾರಾಳ. ಅವರು ಕೊನೆಯುಸಿರೆಳೆದದ್ದು ನಮ್ಮದೇ ಕರ್ನಾಟಕದಲ್ಲಿ, 2021ರ ಆಗಸ್ಟ್ 22ರಂದು, ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ. ಎಂಬತ್ತೆರಡು ವರ್ಷ ಆಗಿತ್ತು. ಉಪ್ಪನ ಮೇಲಿನ ಸಿನಿಮಾದ ಕೆಲಸ ಆಗ ನಡೆಯುತ್ತಿತ್ತು. ಅದು ತೆರೆಗೆ ಬಂದದ್ದನ್ನು ಅವರು ನೋಡಲಿಲ್ಲ.